ಅಪ್ರಮಾದವೇ ಪಥ್ಯ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳೂ ನಮ್ಮ ವ್ರತೋಪವಾಸಗಳೂ

(ಸ್ವಾಧ್ಯಾಯ ಪಾಠ)



ಹಿಂಸೆಯೆಂಬುದು ದ್ವೇಷದಿಂದ ಮಾತ್ರ ಹುಟ್ಟುವುದಲ್ಲ. ಪ್ರಮಾದದಿಂದ ಕೂಡಿದ ಮನ, ವಚನ, ಕಾಯಗಳ ಪ್ರವೃತ್ತಿಯಿಂದ ಪ್ರಾಣಗಳಿಗೆ ಒದಗುವ ಘಾತವೂ ಹಿಂಸೆಯೇ ಎಂದು ನಮ್ಮ ಆಚಾರ್ಯರು ನಿರ್ಣಯಿಸಿರುವರು. ಪ್ರಮಾದವೆಂದರೆ ಎಚ್ಚರಗೇಡಿತನ. ಉದ್ದೇಶವು ಎಷ್ಟೇ ಶುದ್ಧವಾಗಿದ್ದರೂ ಎಚ್ಚರವಿಲ್ಲದೆ ಮಾಡಿದ ಕಾರ್ಯವು ಕೇಡನ್ನು ತರಬಲ್ಲುದು. ಈ ತತ್ತ್ವವನ್ನು ನಾನು ಮೂವತ್ತು ವರ್ಷಗಳ ಕಾಲ ಪಾಠಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟೆನು. ಆದರೆ ಅದರ ನಿಜವಾದ ಅರ್ಥ ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಒಂದು ಮಾತ್ರೆಯ ಚೀಟಿಯಿಂದ. ಆ ವೃತ್ತಾಂತವನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಶರಣಬಸವೇಶ್ವರ ದೇವಸ್ಥಾನದ ಅಂಗಳದಲ್ಲಿ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ರಥೋತ್ಸವವು ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ನಡೆಯುವುದು. ದಾಸೋಹಕ್ಕೆ ಹೆಸರಾದ ಆ ಶರಣರ ಸನ್ನಿಧಿಗೆ ಸುತ್ತಣ ಹಳ್ಳಿಗಳಿಂದ ಮತಭೇದವೆಣಿಸದೆ ಜನರು ಕಾಲ್ನಡಿಗೆಯಲ್ಲಿ ಬರುವರು. ನಾನೂ ಪ್ರತಿವರ್ಷ ಸಂಜೆಯ ಹೊತ್ತು ದೇವಸ್ಥಾನದ ಅಂಗಳದಲ್ಲಿ ಕೆಲಕಾಲ ಕುಳಿತಿರುವ ರೂಢಿ. ಹಳೆಯ ವಿದ್ಯಾರ್ಥಿಗಳು ಅಲ್ಲಿ ಸಿಗುವರೆಂಬುದೇ ಅದಕ್ಕೆ ಕಾರಣ.

ಕಳೆದ ಜಾತ್ರೆಯಲ್ಲಿ ಕಮಲಾಪುರದ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿ ಕಣ್ಣಿಗೆ ಬಿದ್ದನು. ಈಗ ಐವತ್ತು ದಾಟಿದ ಒಕ್ಕಲಿಗ. ಬಾಲ್ಯದಲ್ಲಿ ಬಂದ ಕೀಲುವಾತದ ಜ್ವರದಿಂದ ಅವನ ಹೃದಯದ ಕವಾಟ ಕೆಟ್ಟು, ಕೆಲವು ವರ್ಷಗಳ ಹಿಂದೆ ಲೋಹದ ಕವಾಟವನ್ನು ಜೋಡಿಸಿದ್ದರು. ಪ್ರತಿವರ್ಷ ನಡೆದು ಬರುತ್ತಿದ್ದವನು ಆ ವರ್ಷ ಬಸ್ಸಿನಲ್ಲಿ ಬಂದಿದ್ದನು. ಮುಖ ಬಿಳುಪೇರಿತ್ತು. ಕಾರಣ ಕೇಳಿದೆ.

“ಹೋದ ವರ್ಷ ನಡಕೋತ ಬಂದಾಗ ಮೊಣಕಾಲು ಹಿಡಕೊಂಡಿದ್ವು ಸರ. ಬಾಜೂ ನಡೆಯೋರು ತಮ್ಮ ನೋವಿನ ಗುಳಿಗಿ ಕೊಟ್ರು. ನಾಲ್ಕು ದಿನ ನುಂಗಿದೆ. ಆರಾಮ ಆಯ್ತು ಅಂದ್ಕೊಳ್ಳೂದ್ರಾಗ ಮಲ ಕರ್ರಗ ಡಾಂಬರಿನಂಗ ಹೋಗಲಿಕ್ಕೆ ಹತ್ತಿತು. ದವಾಖಾನ್ಯಾಗ ಮೂರು ಬಾಟಲಿ ರಕ್ತ ಏರಿಸಿದ್ರು. ನಂದು ರಕ್ತದ ಗುಳಿಗಿ, ಇದು ಮೊಣಕಾಲಿನ ಗುಳಿಗಿ, ಒಂದಕ್ಕೊಂದು ಏನು ಸಂಬಂಧ ಅಂತ ತಿಳಕೊಂಡಿದ್ದೆ ಸರ.”

“ಮೊದಲೇ ಕೇಳಬಾರದಿತ್ತೇನಪ್ಪ?” ಎಂದು ಹೇಳಹೊರಟವನು ಸುಮ್ಮನಾದೆನು. ಅದೇ ತಪ್ಪನ್ನು ಅದಕ್ಕೂ ಮೊದಲಿನ ಭಾದ್ರಪದ ಮಾಸದಲ್ಲಿ ನಾನೇ ಮಾಡಿದ್ದೆನು.

ನನ್ನ ಅಕ್ಕನವರಿಗೆ ಎಪ್ಪತ್ತೆರಡು ವರ್ಷ. ಹೃದಯದ ಬಡಿತ ಲಯ ತಪ್ಪಿದ ಕಾರಣ ಅಸೆನೊಕೌಮರಾಲ್ ಎಂಬ ಮಾತ್ರೆಯನ್ನು ನಿತ್ಯವೂ ಸೇವಿಸುವರು. ಚಾತುರ್ಮಾಸದ ಆರಂಭದಲ್ಲಿ ಅವರು ಸೊಪ್ಪು ತರಕಾರಿಗಳನ್ನು ತ್ಯಜಿಸಿದ್ದರು. ದಶಲಕ್ಷಣ ಪರ್ವ ಬಂದೊಡನೆ ಏಕಾಶನವನ್ನು ಹಿಡಿದರು. ಆರನೆಯ ದಿನ ಹೊಟ್ಟೆ ಕೆಟ್ಟು ಭೇದಿಯಾಯಿತು. ನನಗೆ ಹಿಂದೊಮ್ಮೆ ಇಂಥದೇ ತೊಂದರೆಯಾದಾಗ ವೈದ್ಯರು ಕೊಟ್ಟಿದ್ದ ಮೆಟ್ರೊನಿಡಜೋಲ್ ಮಾತ್ರೆಗಳು ಕಪಾಟಿನಲ್ಲಿ ಉಳಿದಿದ್ದವು. “ತಗೋ ಅಕ್ಕಾ, ನನಗೆ ಇವೇ ಗುಣ ಕೊಟ್ಟವು” ಎಂದು ನಾನೇ ತಂದುಕೊಟ್ಟೆನು. ಔಷಧದಾನ ಮಾಡಿದೆನೆಂಬ ತೃಪ್ತಿಯೂ ಆಯಿತು. ಅನಂತ ಚತುರ್ದಶಿಯ ಬೆಳಿಗ್ಗೆ ಅವರ ಒಸಡುಗಳಿಂದ ರಕ್ತ ಒಸರುತ್ತಿತ್ತು. ತೋಳಿನ ಮೇಲೆ ಅಂಗೈಯಗಲದ ನೀಲಿ ಮಚ್ಚೆ ಎದ್ದಿತ್ತು. ಪರೀಕ್ಷೆಯಲ್ಲಿ ಎರಡರಿಂದ ಮೂರರೊಳಗೆ ಇರಬೇಕಾದ ಅಂಕಿ ಏಳನ್ನು ದಾಟಿತ್ತು. ಪುಣ್ಯವಶಾತ್ ಸಕಾಲದಲ್ಲಿ ಚಿಕಿತ್ಸೆ ದೊರೆತು ಉಳಿದರು.

ಅಂದು ಆ ವೈದ್ಯರು ನನ್ನನ್ನು ಬಯ್ಯಲಿಲ್ಲ. “ಮೂರು ಒಳ್ಳೆಯ ಕೆಲಸಗಳು ಒಂದೇ ವಾರದಲ್ಲಿ ಕೂಡಿದವು, ಯಾರೂ ಯಾರಿಗೂ ಹೇಳಲಿಲ್ಲ” ಎಂದಷ್ಟೇ ನುಡಿದರು. ಸೊಪ್ಪಿನ ತ್ಯಾಗ, ಏಕಾಶನ, ಔಷಧದಾನ: ಮೂರೂ ಒಳ್ಳೆಯವೇ. ಕೊರತೆಯಾದುದು ಎಚ್ಚರ ಒಂದೇ. ಆ ಎಚ್ಚರವನ್ನು ಹೇಗೆ ಅಭ್ಯಾಸ ಮಾಡಬೇಕೆಂಬುದನ್ನು ಇನ್ನು ಕ್ರಮವಾಗಿ ನೋಡೋಣ.

೧. ಈ ಔಷಧಗಳು ಯಾವುವು?

ಜನರು ಇವನ್ನು ‘ರಕ್ತ ತೆಳ್ಳಗೆ ಮಾಡುವ ಮಾತ್ರೆ’ ಎನ್ನುವರು. ವಾಸ್ತವದಲ್ಲಿ ಇವುಗಳಿಂದ ರಕ್ತವು ನೀರಾಗುವುದಿಲ್ಲ. ರಕ್ತವು ಹೆಪ್ಪುಗಟ್ಟುವ ಕ್ರಿಯೆ ನಿಧಾನವಾಗುವುದು. ಇವುಗಳಲ್ಲಿ ಮೂರು ವರ್ಗಗಳುಂಟು.

ಮೊದಲನೆಯದು ವಾರ್ಫರಿನ್ ಮತ್ತು ಅಸೆನೊಕೌಮರಾಲ್. ನಮ್ಮ ಯಕೃತ್ತು ವಿಟಮಿನ್ ‘ಕೆ’ ಎಂಬ ಜೀವಸತ್ತ್ವದ ನೆರವಿನಿಂದ ಹೆಪ್ಪುಗಟ್ಟಿಸುವ ಕೆಲವು ದ್ರವ್ಯಗಳನ್ನು ತಯಾರಿಸುವುದು. ಒಮ್ಮೆ ಬಳಕೆಯಾದ ಆ ಜೀವಸತ್ತ್ವವನ್ನು ಶರೀರವು ಮತ್ತೆ ಹದಗೊಳಿಸಿ ಉಪಯೋಗಿಸಿಕೊಳ್ಳುವುದು. ಈ ಔಷಧಗಳು ಆ ಮರುಬಳಕೆಯನ್ನೇ ತಡೆಯುವುವು. ಎರಡನೆಯದು ಅಪಿಕ್ಸಾಬನ್, ರಿವರೋಕ್ಸಾಬನ್, ಡಾಬಿಗಟ್ರಾನ್ ಮೊದಲಾದ ಹೊಸ ಔಷಧಗಳು. ಇವು ಹೆಪ್ಪುಗಟ್ಟಿಸುವ ಒಂದೊಂದು ದ್ರವ್ಯವನ್ನು ನೇರವಾಗಿ ತಡೆಯುವುವು. ಮೂರನೆಯದು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮೊದಲಾದವು. ಇವು ರಕ್ತದಲ್ಲಿರುವ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಮಾಡುವುವು. ನಿಮ್ಮ ಮನೆಯಲ್ಲಿರುವ ಮಾತ್ರೆ ಯಾವ ವರ್ಗದ್ದೆಂಬುದನ್ನು ಅರಿಯುವುದೇ ಮೊದಲ ಪಾಠ. ಏಕೆಂದರೆ ಒಂದರ ಪಥ್ಯ ಮತ್ತೊಂದಕ್ಕೆ ಅನ್ವಯಿಸದು.

ಕೃತಕ ಕವಾಟವುಳ್ಳವರಿಗೆ, ಹೃದಯದ ಲಯ ತಪ್ಪಿದವರಿಗೆ, ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ವೈದ್ಯರು ಮೊದಲೆರಡು ವರ್ಗದ ಔಷಧಗಳನ್ನು ಕೊಡುವರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ರೂಪಿಸಿದ ಕವಾಟವನ್ನು ಮೊದಲ ಬಾರಿಗೆ ೧೯೯೦ರಲ್ಲಿ ರೋಗಿಯೊಬ್ಬರಿಗೆ ಜೋಡಿಸಲಾಯಿತು. ಅಂದಿನಿಂದ ನಮ್ಮ ದೇಶದ ಬಡವರಿಗೂ ಕೃತಕ ಕವಾಟ ಎಟುಕುವಂತಾಯಿತು. ಆದರೆ ಇಂಥ ಯಾಂತ್ರಿಕ ಕವಾಟವಿರುವವರು ವಾರ್ಫರಿನ್ ವರ್ಗದ ಮಾತ್ರೆಯನ್ನು ಬಾಳಿನುದ್ದಕ್ಕೂ ಸೇವಿಸಬೇಕು. ಡಾಬಿಗಟ್ರಾನನ್ನು ಇವರಿಗೆ ಕೊಟ್ಟು ನೋಡಿದ ಪ್ರಯೋಗವು ಹಾನಿಕರವೆಂದು ಕಂಡುದರಿಂದ ನಡುವೆಯೇ ನಿಂತಿತು. ಅದರ ವರದಿ ೨೦೧೩ರಲ್ಲಿ ಪ್ರಕಟವಾಯಿತು. ಕೀಲುವಾತ ಜ್ವರದಿಂದ ಕವಾಟ ಕೆಟ್ಟು ಲಯವೂ ತಪ್ಪಿದವರ ಮೇಲೆ ೨೪ ದೇಶಗಳಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು ರಿವರೋಕ್ಸಾಬನ್‌ಗಿಂತ ಹಳೆಯ ಔಷಧವೇ ಲೇಸೆಂದು ತೋರಿಸಿತು. ಆದುದರಿಂದ ‘ಹೊಸದು ಬಂದಿದೆಯಲ್ಲ, ಅದಕ್ಕೆ ಪಥ್ಯವಿಲ್ಲವಂತೆ’ ಎಂದು ಯಾರೂ ತಾವಾಗಿ ಬದಲಾಯಿಸಿಕೊಳ್ಳಬಾರದು.

೨. ಹುಲ್ಲಿನ ಬಣವೆಯಿಂದ ಔಷಧದ ಡಬ್ಬಿಗೆ

ಈ ಔಷಧದ ಚರಿತ್ರೆಯೇ ಒಂದು ಪಾಠದಂತಿದೆ. ೧೯೨೦ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಬೂಸು ಹಿಡಿದ ಸಿಹಿ ಕ್ಲೋವರ್ ಎಂಬ ಮೇವೇ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಕಂಡುಕೊಂಡರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನೊಳಗಿನ ದ್ರವ್ಯವನ್ನು ೧೯೩೯ರಲ್ಲಿ ಬೇರ್ಪಡಿಸಿದರು. ಅದರ ಜಾಡಿನಲ್ಲಿಯೇ ಹುಟ್ಟಿದ ವಾರ್ಫರಿನ್ ೧೯೪೮ರಲ್ಲಿ ಮೊದಲು ಇಲಿಯ ವಿಷವಾಗಿ ಮಾರುಕಟ್ಟೆಗೆ ಬಂದು, ೧೯೫೪ರಲ್ಲಿ ಮನುಷ್ಯರ ಔಷಧವಾಯಿತು. ಒಂದೇ ದ್ರವ್ಯ, ಪ್ರಮಾಣವರಿತರೆ ಜೀವದಾಯಿ, ಪ್ರಮಾಣ ತಪ್ಪಿದರೆ ಪ್ರಾಣಾಪಹಾರಿ.

ಆ ಪ್ರಮಾಣವನ್ನು ಅಳೆಯುವ ಕೋಲೇ ಐ.ಎನ್.ಆರ್. ಎಂಬ ಪರೀಕ್ಷೆ. ಹಿಂದೆ ಒಂದೊಂದು ಪ್ರಯೋಗಾಲಯದ ಅಂಕಿ ಒಂದೊಂದು ಬಗೆಯಾಗಿ ಬರುತ್ತಿತ್ತು. ಸೇರುಗಳು ಊರೂರಿಗೆ ಬೇರೆಯಾಗಿದ್ದ ಕಾಲದ ಸಂತೆಯಂತೆ ಗೊಂದಲವಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ೧೯೮೩ರಲ್ಲಿ ಎಲ್ಲೆಡೆಗೂ ಒಂದೇ ಅಳತೆಯನ್ನು ಗೊತ್ತುಪಡಿಸಿತು. ಔಷಧ ಸೇವಿಸದವರಲ್ಲಿ ಈ ಅಂಕಿ ಸುಮಾರು ೧ ಇರುವುದು. ಲಯ ತಪ್ಪಿದವರಿಗೆ ಸಾಮಾನ್ಯವಾಗಿ ೨ರಿಂದ ೩, ಹೃದಯದ ಎಡಭಾಗದ ಮೈಟ್ರಲ್ ಕವಾಟವನ್ನು ಯಾಂತ್ರಿಕವಾಗಿ ಬದಲಿಸಿದವರಿಗೆ ೨.೫ರಿಂದ ೩.೫ ಇರಬೇಕೆಂಬುದು ರೂಢಿ. ನಿಮ್ಮ ಅಂಕಿ ಎಷ್ಟಿರಬೇಕೆಂಬುದನ್ನು ನಿಮ್ಮ ವೈದ್ಯರೇ ಹೇಳತಕ್ಕದ್ದು. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿನ ಭಯ. ಹೆಚ್ಚಾದರೆ ರಕ್ತಸ್ರಾವದ ಭಯ. ಎರಡು ಭಯಗಳ ನಡುವಿನ ಕಿರಿದಾದ ಒಡ್ಡಿನ ಮೇಲೆ ರೋಗಿಯು ನಿತ್ಯವೂ ನಡೆಯುತ್ತಿರುವನು.

೩. ಬೇರೆ ಔಷಧಗಳು ಕೂಡಿದಾಗ

ಬೇರೊಂದು ಔಷಧವು ಈ ಸಮತೋಲವನ್ನು ಮುಖ್ಯವಾಗಿ ಮೂರು ದಾರಿಗಳಿಂದ ಕೆಡಿಸಬಲ್ಲುದು.

ಮೊದಲನೆಯ ದಾರಿ: ಔಷಧವು ಶರೀರದಿಂದ ಹೊರಹೋಗದಂತೆ ತಡೆಯುವುದು. ವಾರ್ಫರಿನ್ನನ್ನು ಕರಗಿಸಿ ಕಳೆಯುವ ಕೆಲಸ ಯಕೃತ್ತಿನದು. ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೋನಜೋಲ್, ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್ ಮೊದಲಾದವು ಆ ಕೆಲಸಕ್ಕೆ ಅಡ್ಡಿಯಾಗುವುವು. ಒಳಗೆ ಬರುವುದು ನಿಲ್ಲದೆ ಹೊರಗೆ ಹೋಗುವುದು ನಿಂತರೆ ಕೆರೆಯ ಕಟ್ಟೆ ಒಡೆಯುವಂತೆ ಅಂಕಿ ಏರುವುದು. ನನ್ನ ಅಕ್ಕನವರಿಗೆ ಆದುದು ಇದೇ. ಬಾಯಿಹುಣ್ಣಿಗೆ ಹಚ್ಚುವ ಮೈಕೋನಜೋಲ್ ಲೇಪವೂ ಇಂಥದೇ ಅನರ್ಥ ಮಾಡಬಲ್ಲುದು. ‘ಹಚ್ಚುವುದಷ್ಟೇ, ನುಂಗುವುದಲ್ಲ’ ಎಂದು ಉದಾಸೀನ ಸಲ್ಲದು.

ಎರಡನೆಯ ದಾರಿ: ಔಷಧವನ್ನು ಬೇಗನೆ ಹೊರಹಾಕಿಸುವುದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮೊದಲಾದವು ಯಕೃತ್ತನ್ನು ಚುರುಕುಗೊಳಿಸುವುವು. ಆಗ ನುಂಗಿದ ಮಾತ್ರೆ ಸಾಲದಾಗುವುದು. ವೈದ್ಯರು ಪ್ರಮಾಣವನ್ನು ಹೆಚ್ಚಿಸುವರು. ಆದರೆ ಕ್ಷಯದ ಚಿಕಿತ್ಸೆ ಮುಗಿದ ದಿನ ಸಂತೋಷದಲ್ಲಿ ಇದನ್ನು ಮರೆತರೆ ಅಪಾಯ. ರಿಫಾಂಪಿಸಿನ್ ನಿಂತ ಕೆಲವು ವಾರಗಳಲ್ಲಿ ಯಕೃತ್ತು ಮೊದಲಿನಂತಾಗಿ, ಹೆಚ್ಚಿಸಿದ ಪ್ರಮಾಣವೇ ವಿಷವಾಗಬಲ್ಲುದು. ಔಷಧವನ್ನು ಆರಂಭಿಸುವಾಗ ಎಷ್ಟು ಎಚ್ಚರವೋ ನಿಲ್ಲಿಸುವಾಗಲೂ ಅಷ್ಟೇ ಎಚ್ಚರ ಬೇಕು. ಈ ಔಷಧಗಳು ಅಪಿಕ್ಸಾಬನ್, ರಿವರೋಕ್ಸಾಬನ್‌ಗಳ ಬಲವನ್ನೂ ಕುಗ್ಗಿಸುವುವು.

ಮೂರನೆಯ ದಾರಿ: ಗಾಯ ಮತ್ತು ಸ್ರಾವ ಕೂಡುವುದು. ಡೈಕ್ಲೊಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಮೊದಲಾದ ನೋವಿನ ಮಾತ್ರೆಗಳು ಜಠರದ ಒಳಪೊರೆಯನ್ನು ಕೊರೆದು ಹುಣ್ಣು ಮಾಡಬಲ್ಲವು. ಕಿರುತಟ್ಟೆಗಳ ಕೆಲಸವನ್ನೂ ತಡೆಯುವುವು. ಹುಣ್ಣಿನಿಂದ ಸುರಿಯುವ ರಕ್ತವನ್ನು ನಿಲ್ಲಿಸಬೇಕಾದ ಶಕ್ತಿಯನ್ನು ಮೊದಲೇ ಔಷಧದಿಂದ ಕುಗ್ಗಿಸಿರುವಾಗ ಗತಿಯೇನು? ಕಮಲಾಪುರದ ಆ ವಿದ್ಯಾರ್ಥಿಗೆ ಆದುದು ಇದೇ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು: ಇಂಥ ಸಂದರ್ಭದಲ್ಲಿ ಐ.ಎನ್.ಆರ್. ಅಂಕಿ ಸರಿಯಾಗಿಯೇ ಇದ್ದರೂ ರಕ್ತ ಹೋಗಬಹುದು. ಅಂಕಿಯೊಂದನ್ನೇ ನಂಬಿ ಕೂರಬಾರದು. ಮಂಡಿನೋವಿಗೆ, ಜ್ವರಕ್ಕೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಮೇಲು. ಆದರೆ ಅದನ್ನೂ ದಿನಕ್ಕೆ ೨ ಗ್ರಾಂನಂತೆ, ಎಂದರೆ ೫೦೦ ಮಿಲಿಗ್ರಾಂನ ನಾಲ್ಕು ಮಾತ್ರೆಗಳಂತೆ, ಹಲವು ದಿನ ನುಂಗಿದರೆ ವಾರ್ಫರಿನ್ ಸೇವಿಸುವವರ ಅಂಕಿ ಏರಬಹುದು. ಹೃದಯದ ರೋಗಕ್ಕಾಗಿ ವೈದ್ಯರೇ ಆಸ್ಪಿರಿನ್ನನ್ನೂ ಕೂಡಿಸಿ ಕೊಟ್ಟಿದ್ದರೆ ಅದನ್ನು ತಾವಾಗಿ ಬಿಡಲೂಬಾರದು.

ನಾಟಿ ಔಷಧ, ಲೇಹ್ಯ, ಕಷಾಯ, ಅರಿಶಿನದ ಸಾರದ ಗುಳಿಗೆ ಇವುಗಳ ವಿಷಯದಲ್ಲಿಯೂ ಇದೇ ಮಾತು. ಒಗ್ಗರಣೆಗೆ ಹಾಕುವ ಅರಿಶಿನ ಬೇರೆ, ಸಾರವನ್ನು ಭಟ್ಟಿಯಿಳಿಸಿ ಡಬ್ಬಿಯಲ್ಲಿ ತುಂಬಿದ ಗುಳಿಗೆ ಬೇರೆ. ಸಸ್ಯಜನ್ಯವೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. ದನಗಳನ್ನು ಕೊಂದ ಆ ಮೇವೂ ಸಸ್ಯವೇ ಅಲ್ಲವೇ?

೪. ಆಹಾರ, ತ್ಯಾಗ ಮತ್ತು ಉಪವಾಸ

ವಿಟಮಿನ್ ‘ಕೆ’ ಜೀವಸತ್ತ್ವವನ್ನು ಕಂಡುಹಿಡಿದ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಮತ್ತು ಅದರ ರಚನೆಯನ್ನು ತಿಳಿಸಿದ ಎಡ್ವರ್ಡ್ ಡಾಯ್ಸಿ ಇವರಿಗೆ ೧೯೪೩ರ ನೊಬೆಲ್ ಪ್ರಶಸ್ತಿ ಸಂದಿತು. ಈ ಜೀವಸತ್ತ್ವವು ಪಾಲಕ, ಮೆಂತ್ಯ, ನುಗ್ಗೆ ಮೊದಲಾದ ಹಸಿರು ಸೊಪ್ಪುಗಳಲ್ಲಿ ಹೇರಳವಾಗಿರುವುದು. ಶರೀರದಲ್ಲಿ ಇದರ ಸಂಗ್ರಹ ಬಹಳ ಅಲ್ಪ.

ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಸೇವಿಸುವವರು ಸೊಪ್ಪನ್ನು ತಿನ್ನಲೇಬಾರದೆಂಬ ಮಾತು ನಮ್ಮಲ್ಲಿ ಹಬ್ಬಿದೆ. ಅದು ತಪ್ಪು. ತಿನ್ನಬಹುದು, ಆದರೆ ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಬೇಕು. ಔಷಧದ ಪ್ರಮಾಣವನ್ನು ವೈದ್ಯರು ನಿಮ್ಮ ನಿತ್ಯದ ಊಟಕ್ಕೆ ಹೊಂದಿಸಿರುವರು. ಊಟ ಬದಲಾದರೆ ಆ ಹೊಂದಿಕೆ ತಪ್ಪುವುದು.

ಇಲ್ಲಿಯೇ ನಮ್ಮ ವ್ರತಗಳ ಪ್ರಶ್ನೆ ಬರುವುದು. ಮಳೆಗಾಲದಲ್ಲಿ ಸೊಪ್ಪಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚೆಂದು ಅನೇಕ ಶ್ರಾವಕ-ಶ್ರಾವಿಕೆಯರು ಚಾತುರ್ಮಾಸದಲ್ಲಿ ಅದನ್ನು ತ್ಯಜಿಸುವರು. ಆಗ ಜೀವಸತ್ತ್ವ ಕುಗ್ಗಿ ಅಂಕಿ ಏರಬಹುದು. ದೀಪಾವಳಿಯ ನಂತರ ಸೊಪ್ಪಿನ ಪಲ್ಯ ಮತ್ತೆ ತಟ್ಟೆಗೆ ಬಂದಾಗ ಅಂಕಿ ಇಳಿಯಬಹುದು. ಏರಿದುದು ಕಣ್ಣಿಗೆ ಕಾಣುವ ರಕ್ತದಿಂದ ತಿಳಿದೀತು. ಇಳಿದುದು ಸದ್ದಿಲ್ಲದೆ ಕವಾಟದ ಮೇಲೆ ಹೆಪ್ಪುಗಟ್ಟಿ ಪಾರ್ಶ್ವವಾಯುವಾಗಿಯೇ ತಿಳಿದೀತು. ಆದುದರಿಂದ ತ್ಯಾಗದ ಆರಂಭದಲ್ಲಿಯೂ ಅಂತ್ಯದಲ್ಲಿಯೂ ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಸುಮಾರು ಒಂದು ವಾರದೊಳಗೆ ಪರೀಕ್ಷೆ ಮಾಡಿಸಬೇಕು.

ಉಪವಾಸದಲ್ಲಿ ಆಹಾರವೇ ಇಲ್ಲದಿರುವುದರಿಂದ ಅಂಕಿ ಇನ್ನೂ ಬೇಗ ಏರಬಹುದು. ಜೊತೆಗೆ ಭೇದಿಯೋ ಜ್ವರವೋ ಬಂದರೆ ಹೇಳುವುದೇ ಬೇಡ. ನಿರ್ಜಲ ಉಪವಾಸದಲ್ಲಿ ವೃದ್ಧರ ಶರೀರ ಒಣಗಿ ಮೂತ್ರಪಿಂಡಗಳ ಕೆಲಸ ಕುಗ್ಗುವುದು. ಡಾಬಿಗಟ್ರಾನ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗತಕ್ಕದ್ದು. ಅದು ಒಳಗೇ ಉಳಿದು ಸ್ರಾವಕ್ಕೆ ದಾರಿಯಾಗಬಹುದು. ರಿವರೋಕ್ಸಾಬನ್‌ನ ೧೫ ಮತ್ತು ೨೦ ಮಿಲಿಗ್ರಾಂ ಮಾತ್ರೆಗಳನ್ನು ಊಟದೊಡನೆಯೇ ಸೇವಿಸಬೇಕು. ಬರಿಹೊಟ್ಟೆಯಲ್ಲಿ ಅದು ಸಾಕಷ್ಟು ಹೀರಲ್ಪಡದು. ಆದುದರಿಂದ ದಿನಕ್ಕೊಂದೇ ಬಾರಿ ಈ ಮಾತ್ರೆಯನ್ನು ಸೇವಿಸುವ ಏಕಾಶನದವರು ಅದನ್ನು ಆ ಒಂದು ಊಟಕ್ಕೆ ಜೋಡಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಪೂರ್ಣ ಉಪವಾಸದ ದಿನ ಅದು ಸಾಧ್ಯವೇ ಇಲ್ಲ.

ರಾತ್ರಿಭೋಜನ ತ್ಯಾಗಿಗಳಿಗೆ ಇನ್ನೊಂದು ಸಂದೇಹ. ಅಸೆನೊಕೌಮರಾಲ್ ಮತ್ತು ವಾರ್ಫರಿನ್‌ಗಳನ್ನು ಸಾಮಾನ್ಯವಾಗಿ ಸಂಜೆ ಸೇವಿಸಲು ಹೇಳುವರು. ಬೆಳಿಗ್ಗೆ ಮಾಡಿಸಿದ ಪರೀಕ್ಷೆಯ ಅಂಕಿ ನೋಡಿ ಅಂದಿನ ಪ್ರಮಾಣವನ್ನು ಬದಲಿಸಲು ಅನುಕೂಲವಾಗಲಿ ಎಂಬುದು ಅದರ ಮುಖ್ಯ ಕಾರಣ. ಮುಖ್ಯವಾದುದು ಪ್ರತಿದಿನವೂ ಒಂದೇ ವೇಳೆಗೆ ಸೇವಿಸುವುದು. ‘ಸೂರ್ಯಾಸ್ತದ ಮೇಲೆ ನಾನು ನೀರು ಮುಟ್ಟುವುದಿಲ್ಲ’ ಎಂದು ವೈದ್ಯರಿಗೆ ಮೊದಲೇ ತಿಳಿಸಿದರೆ ಸಂಜೆ ಐದರ ವೇಳೆಯನ್ನು ಗೊತ್ತುಮಾಡಿಕೊಡುವರು. ಅಪಿಕ್ಸಾಬನ್ ದಿನಕ್ಕೆರಡು ಬಾರಿಯ ಮಾತ್ರೆ. ಅದನ್ನೂ ಸೂರ್ಯೋದಯದ ನಂತರ ಮತ್ತು ಸೂರ್ಯಾಸ್ತದ ಮುನ್ನ ಹೊಂದಿಸಬಹುದೇ ಎಂದು ಕೇಳಬಹುದು. ಹೇಳದೆ ರಾತ್ರಿಯ ಮಾತ್ರೆಯನ್ನು ಬಿಟ್ಟುಬಿಡುವುದು ಮಾತ್ರ ವ್ರತಪಾಲನೆಯೆನಿಸದು. ಅದು ಪ್ರಮಾದವೇ ಸರಿ.

೫. ಶಕ್ತಿಯನ್ನರಿತು ತಪಸ್ಸು

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಹೇಳುವಾಗ ‘ಶಕ್ತಿಗನುಸಾರವಾಗಿ’ ಎಂಬ ವಿಶೇಷಣವು ಕೂಡಿಯೇ ಬಂದಿದೆ. ಬಾಹ್ಯ ತಪಸ್ಸುಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ರಸಪರಿತ್ಯಾಗವೂ ತಪಸ್ಸೇ. ಸಿಹಿಯನ್ನು ಬಿಟ್ಟರೆ ಐ.ಎನ್.ಆರ್. ಕದಲದು, ನಾಲಗೆಯ ಆಸೆ ಮಾತ್ರ ಕದಲುವುದು. ಅಂತರಂಗ ತಪಸ್ಸಿನ ಸ್ವಾಧ್ಯಾಯ, ವೈಯಾವೃತ್ಯಗಳಿಗೆ ಯಾವ ಮಾತ್ರೆಯೂ ಅಡ್ಡಿಯಲ್ಲ. ಕಾಲಾವಧಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಬಾಳಿನುದ್ದದ ತ್ಯಾಗಕ್ಕೆ ಯಮವೆಂದೂ ಹೆಸರು. ಮುನಿಮಹಾರಾಜರ ಅಥವಾ ಆರ್ಯಿಕಾ ಮಾತೆಯವರ ಸನ್ನಿಧಿಯಲ್ಲಿ ಇವನ್ನು ಬೇಡುವಾಗ ‘ನಾನು ಇಂಥ ಔಷಧವನ್ನು ಸೇವಿಸುತ್ತಿರುವೆ’ ಎಂದು ಮೊದಲು ಅರಿಕೆ ಮಾಡಿಕೊಳ್ಳಬೇಕು. ರೋಗವನ್ನು ಮುಚ್ಚಿಟ್ಟು ಪಡೆದ ವ್ರತದಲ್ಲಿ ಸತ್ಯಕ್ಕೇ ಲೋಪ ಬಂದಂತಾಗುವುದು.

ನನ್ನ ಅಕ್ಕನವರು ಕೊಂಚ ದಿನ ಮುನಿಸಿಕೊಂಡಿದ್ದರು. “ಈ ವಯಸ್ಸಿನೊಳಗ ಉಪವಾಸನೂ ಬ್ಯಾಡಂದ್ರ ಇನ್ನೇನು ಉಳೀತು ತಮ್ಮಾ?” ಎಂದು ಕಣ್ಣೀರು ತೆಗೆದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಅವರು ವೈದ್ಯರನ್ನು ಕೇಳಿ, ಗುರುಗಳಿಗೆ ಅರಿಕೆ ಮಾಡಿ, ದಶಲಕ್ಷಣದ ಹತ್ತು ದಿನವೂ ಸಿಹಿಯನ್ನು ತ್ಯಜಿಸಿ, ದಿನಕ್ಕೆರಡು ಬಾರಿ ಹಿತಮಿತವಾಗಿ ಉಂಡು, ಓದು ಬಾರದ ಇಬ್ಬರು ವೃದ್ಧೆಯರಿಗೆ ಶಾಸ್ತ್ರ ಓದಿ ಹೇಳಿದರು. ಸೊಪ್ಪಿನ ತ್ಯಾಗವನ್ನು ವೈದ್ಯರ ಅನುಮತಿಯಿಂದ ವರ್ಷವಿಡೀ ಪಾಲಿಸುವ ಯಮವಾಗಿ ಸ್ವೀಕರಿಸಿ, ಔಷಧದ ಪ್ರಮಾಣವನ್ನು ಅದಕ್ಕೆ ಹೊಂದಿಸಿಕೊಂಡರು. ಏರಿಳಿತವೇ ತಪ್ಪಿತು.

೬. ಔಷಧದ ಶುದ್ಧಾಶುದ್ಧಿ

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಕೊಡುವ ಹೆಪಾರಿನ್ ಮತ್ತು ಎನಾಕ್ಸಪರಿನ್ ಚುಚ್ಚುಮದ್ದುಗಳನ್ನು ಹಂದಿಯ ಕರುಳಿನ ಒಳಪೊರೆಯಿಂದ ತಯಾರಿಸುವರು. ಇದನ್ನು ತುರ್ತು ಚಿಕಿತ್ಸೆಯ ಮಂಚದ ಮೇಲೆ ಮೊದಲ ಬಾರಿ ಕೇಳಿ ವ್ರತಿಗಳು ತಳಮಳಗೊಂಡ ಪ್ರಸಂಗಗಳನ್ನು ಕೇಳಿಬಲ್ಲೆ. ಪ್ರಾಣಿಮೂಲವಿಲ್ಲದೆ ರಾಸಾಯನಿಕವಾಗಿ ತಯಾರಾಗುವ ಫೊಂಡಪರಿನಕ್ಸ್ ಎಂಬುದೂ ಉಂಟು. ಆದರೆ ಅದು ಎಲ್ಲ ಸಂದರ್ಭಗಳಿಗೂ ಒಗ್ಗದು. ಈ ಮಾತನ್ನು ಆರೋಗ್ಯವಿರುವಾಗಲೇ ವೈದ್ಯರೊಡನೆ ಆಡಿಟ್ಟುಕೊಳ್ಳಬೇಕು. ಈ ಚಿಂತೆ ನಮ್ಮ ನಾಡಿಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ರಚಿಸಿದ ಕಲ್ಯಾಣಕಾರಕವೆಂಬ ವೈದ್ಯಗ್ರಂಥದಲ್ಲಿ ಔಷಧಕ್ಕೆ ಮಾಂಸವು ಸಲ್ಲದೆಂಬ ವಾದವೇ ಒಂದು ಪ್ರಕರಣವಾಗಿದೆ. ಆಚಾರ್ಯರು ವೈದ್ಯವನ್ನು ತೊರೆಯಲಿಲ್ಲ. ವೈದ್ಯವನ್ನು ಚೆನ್ನಾಗಿ ಕಲಿತು ವಿವೇಚಿಸಿದರು ಎಂಬುದನ್ನು ಗಮನಿಸಬೇಕು.

೭. ನಿತ್ಯ ಪಾಲಿಸತಕ್ಕ ನಿಯಮಗಳು

ಒಂದು: ಸೇವಿಸುವ ಎಲ್ಲ ಔಷಧಗಳ ಹೆಸರು, ಪ್ರಮಾಣ, ಕಾರಣ ಮತ್ತು ಕೊನೆಯ ಪರೀಕ್ಷೆಯ ಅಂಕಿಯನ್ನು ಬರೆದ ಚೀಟಿ ಸದಾ ಜೊತೆಯಲ್ಲಿರಲಿ. ಜಾತ್ರೆಗೆ, ತೀರ್ಥಯಾತ್ರೆಗೆ ಹೋಗುವಾಗ ಮರೆಯದಿರಿ.

ಎರಡು: ಹಲ್ಲಿನ ವೈದ್ಯರೇ ಆಗಲಿ, ನಾಟಿ ವೈದ್ಯರೇ ಆಗಲಿ, ಔಷಧದ ಅಂಗಡಿಯವರೇ ಆಗಲಿ, ಮೊದಲ ಮಾತು ‘ನಾನು ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುತ್ತೇನೆ’ ಎಂದಿರಲಿ. ಸೊಂಟಕ್ಕೆ, ತೋಳಿಗೆ ಸೂಜಿ ಹಾಕಿಸಿಕೊಳ್ಳುವ ಮುನ್ನವೂ ಹೇಳಿರಿ. ಸ್ನಾಯುವಿನೊಳಗೆ ರಕ್ತ ಇಳಿಯಬಹುದು.

ಮೂರು: ಹೊಸ ಔಷಧ ಆರಂಭವಾದಾಗ, ಹಳೆಯದು ನಿಂತಾಗ, ಭೇದಿ ಜ್ವರಗಳು ಬಂದಾಗ, ಊಟ ಕಡಿಮೆಯಾದಾಗ ‘ಪರೀಕ್ಷೆ ಯಾವಾಗ ಮಾಡಿಸಲಿ?’ ಎಂದು ಕೇಳಿರಿ.

ನಾಲ್ಕು: ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ಸೇವಿಸಿರಿ. ಮರುದಿನ ನೆನಪಾದರೆ ಎರಡನ್ನು ಒಟ್ಟಿಗೆ ನುಂಗದೆ, ಮರೆತುದನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಿರಿ. ಹೊಸ ಔಷಧಗಳ ಕ್ರಮ ಬೇರೆಯಾದುದರಿಂದ ಮೊದಲೇ ಕೇಳಿಟ್ಟುಕೊಳ್ಳಿರಿ.

ಐದು: ನಿಮ್ಮ ಔಷಧವನ್ನು ಪರರಿಗೆ ಕೊಡಬೇಡಿರಿ, ಪರರದನ್ನು ನೀವು ಸೇವಿಸಬೇಡಿರಿ. ಚತುರ್ವಿಧ ದಾನಗಳಲ್ಲಿ ಔಷಧದಾನವು ಶ್ರೇಷ್ಠವಾದುದು ನಿಜ. ಆದರೆ ವೈದ್ಯರ ಬಳಿಗೆ ಕರೆದೊಯ್ಯುವುದು, ಪರೀಕ್ಷೆಯ ವೆಚ್ಚ ಭರಿಸುವುದು, ವೈದ್ಯರು ಬರೆದ ಮಾತ್ರೆಯನ್ನು ಕೊಡಿಸುವುದು, ಇವೇ ಇಂದಿನ ಔಷಧದಾನ. ಕಪಾಟಿನಲ್ಲಿ ಉಳಿದುದನ್ನು ಎತ್ತಿ ಕೊಡುವುದಲ್ಲ.

ಆರು: ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ಅಥವಾ ಒಸಡಿನ ರಕ್ತ, ಕಾರಣವಿಲ್ಲದ ನೀಲಿ ಮಚ್ಚೆ, ರಕ್ತವಾಂತಿ, ಹಠಾತ್ತನೆ ತೀವ್ರ ತಲೆನೋವು, ತಲೆಗೆ ಪೆಟ್ಟು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಪಾರಣೆಯ ವೇಳೆಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿರಿ, ೧೦೮ಕ್ಕೆ ಕರೆ ಮಾಡಿರಿ.

ಏಳು: ಮೇಲೆ ಹೇಳಿದುದೆಲ್ಲವೂ ತಿಳಿವಳಿಕೆಗಾಗಿ. ಇದನ್ನೋದಿ ಯಾರೂ ಮಾತ್ರೆಯನ್ನು ನಿಲ್ಲಿಸಬಾರದು, ಪ್ರಮಾಣವನ್ನು ಬದಲಿಸಬಾರದು.

ಅಭ್ಯಾಸದ ಪ್ರಶ್ನೆಗಳು

೧. ನಿಮ್ಮ ಮನೆಯಲ್ಲಿ ಯಾರು ಯಾವ ವರ್ಗದ ಔಷಧವನ್ನು ಸೇವಿಸುತ್ತಿರುವರು? ಚೀಟಿಯನ್ನು ನೋಡಿ ಬರೆಯಿರಿ.
೨. ಕ್ಷಯರೋಗದ ಚಿಕಿತ್ಸೆ ಮುಗಿದ ಮೇಲೆಯೂ ಎಚ್ಚರ ಏಕೆ ಬೇಕು?
೩. ಚಾತುರ್ಮಾಸದ ಆರಂಭದಲ್ಲಿ ಒಂದು ಅಪಾಯ, ಅಂತ್ಯದಲ್ಲಿ ಇನ್ನೊಂದು ಅಪಾಯ ಹೇಗೆ?
೪. ಐ.ಎನ್.ಆರ್. ಸರಿಯಿದ್ದರೂ ರಕ್ತ ಹೋಗಬಹುದಾದ ಸಂದರ್ಭ ಯಾವುದು?
೫. ಔಷಧದಾನವು ಯಾವಾಗ ಹಿಂಸೆಯಾಗಿ ಪರಿಣಮಿಸುವುದು?

ಐದನೆಯ ಪ್ರಶ್ನೆಯ ಉತ್ತರವನ್ನು ನಾನು ನನ್ನ ಅಕ್ಕನವರ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಲಿತೆನು. ವಾಚಕರು ಅದನ್ನು ಈ ಪುಟದಲ್ಲಿಯೇ ಕಲಿಯುವಂತಾದರೆ ನನ್ನ ಶ್ರಮ ಸಾರ್ಥಕ. ಕಮಲಾಪುರದ ವಿದ್ಯಾರ್ಥಿಯು ದೇವಸ್ಥಾನದ ಅಂಗಳದಿಂದ ಹೊರಡುವಾಗ ಅಂಗಿಯ ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ತೋರಿಸಿದನು. ತನ್ನ ಔಷಧಗಳ ಹೆಸರನ್ನೆಲ್ಲ ಮಗಳ ಕೈಯಿಂದ ಬರೆಯಿಸಿಟ್ಟುಕೊಂಡಿದ್ದನು. ನಾನು ಆ ರಾತ್ರಿಯೇ ಮನೆಯ ಕಪಾಟನ್ನು ಬರಿದು ಮಾಡಿದೆನು.

ಎಲ್ಲ ಜೀವಿಗಳೂ ಸುಖವಾಗಿರಲಿ.